ಒಂಬತ್ತು ಗಂಟಿನ ದಾರ

ಗೆಜ್ಜೆ ಮಾಡಿಸುವವರು ಕಾಲಿನ ಸುತ್ತಳತೆ ತೆಗೆದುಕೊಳ್ಳುತ್ತಾರೆ. ಇದನ್ನು ತಿಳಿಯಲು ದೊಡ್ಡ ಬುದ್ಧಿಯೇನೂ ಬೇಕಾಗಿಲ್ಲ. ಆದರೆ ನಂಜೇಶ ತನ್ನ ಅಕ್ಕನ ಕಿರಿಮಗಳು ಶ್ವೇತಳನ್ನು ಜಗಲಿಯ ಮೇಲೆ ನಿಲ್ಲಿಸಿಕೊಂಡು, ಅವಳ ಬಲಗಾಲಿನ ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ಬಿಳಿ ದಾರ ಎಳೆದು ಹಿಡಿದ. ಅಳತೆ ಸಿಕ್ಕಿದ ಜಾಗಕ್ಕೆ ಒಂದು ಗಂಟು ಹಾಕಿದ. ದಾರವನ್ನು ಸುತ್ತಿ ಅಂಗಿಯ ಜೇಬಿಗೆ ಇಳಿಸಿ, ಬೆಳ್ಳಿ ಗೆಜ್ಜೆ ಮಾಡಿಸ್ತೀನಿ ಕಣವ್ವ ಎಂದ. ಎಂಟು ವರ್ಷದ ಶ್ವೇತ ಕುಣಿದಾಡಿಬಿಟ್ಟಳು. ಅವಳ ಅಕ್ಕ ಶಿವರಂಜನಿ, ಎಲ್ಲರ ಬಾಯಲ್ಲಿ ರಂಜು, ಹದಿಮೂರು ತುಂಬಿದವಳು, ಪಕ್ಕದಲ್ಲೇ ಕೂತು ಹಲಸಿನ ತೊಳೆ ತಿನ್ನುತ್ತಿದ್ದಳು. ಗೆಜ್ಜೆಗೆ ಪಾದ ಯಾಕೆ ಅಳೆಯಬೇಕು ಎಂದು ಅವಳಿಗೆ ಅನಿಸಿದ್ದು ನಿಜ. ಕೇಳಲಿಲ್ಲ. ಮಾವ ಎಂದರೆ ಅವಳಿಗೆ ಪ್ರಾಣ. ಮಾವ ಮಾಡಿದ್ದೆಲ್ಲ ಸರಿ. ಹಾಗೆ ಕೇಳದೆ ಬಿಟ್ಟದ್ದಕ್ಕೆ ಆಮೇಲೆ ಅವಳು ತನ್ನನ್ನು ತಾನು ಎಷ್ಟು ಸಲ ಬೈದುಕೊಂಡಳೋ ಅವಳಿಗೇ ಗೊತ್ತು.

ನಂಜನಗೂಡಿನಲ್ಲಿ ಶಾಲೆಗೆ ಬೇಸಿಗೆ ರಜ ಬಿಟ್ಟ ಮಾರನೇ ದಿನವೇ ಈ ಅಕ್ಕತಂಗಿಯರು ಸುತ್ತೂರು ದಾಟಿ ಟಿ. ನರಸೀಪುರದ ಕಡೆ ಹೋಗುವ ಬಸ್ಸು ಹತ್ತುವುದು ವಾಡಿಕೆ. ಕಪಿಲೆಯ ದಂಡೆಯ ಹಳ್ಳಿಯೊಂದರಲ್ಲಿ ತಾಯಿಯ ತವರು. ಅಲ್ಲಿರುವುದು ಇಬ್ಬರೇ: ಅಜ್ಜಿ ಚನ್ನಾಜಮ್ಮ, ಅವಳ ಒಬ್ಬನೇ ಮಗ ನಂಜೇಶ. ಮದುವೆಯಾಗಿರಲಿಲ್ಲ, ಕಬ್ಬಿನ ಗದ್ದೆ ನೋಡಿಕೊಂಡಿದ್ದ. ಮಕ್ಕಳು ಬಂದರೆ ತಾನೂ ಮಗುವಾಗಿಬಿಡುತ್ತಿದ್ದ. ಪ್ರತಿ ರಜೆಗೂ ಅವನದೊಂದು ನಿಧಿ ಆಟ. ಒರಳುಕಲ್ಲಿನ ಕೆಳಗೆ ಒಂದು ಚೀಟಿ, ಆ ಚೀಟಿ ಹೇಳಿದ ಕಡೆ ಹೋದರೆ ಇನ್ನೊಂದು ಚೀಟಿ, ಹೀಗೆ ಬಿಸಿಲಲ್ಲಿ ಅಲೆಸಿ ಅಲೆಸಿ ಕೊನೆಗೆ ಪಂಪ್‌ಹೌಸಿನ ಹಿಂದೆ ಒಂದು ಡಬ್ಬಿ ಕೊಬ್ಬರಿಮಿಠಾಯಿ. ರಂಜುವಿಗೆ ಅಷ್ಟು ಸಾಕು. ಅವಳು ನಿಧಿ ಹುಡುಕುವ ಕಥೆಪುಸ್ತಕಗಳನ್ನು ಓದಿ ಓದಿ ತಲೆ ಕೆಡಿಸಿಕೊಂಡವಳು. ಹೋದ ವರ್ಷ ಹಿತ್ತಲಲ್ಲಿ ಕಳ್ಳರ ಸುರಂಗ ಇದೆ ಎಂದು ಬೀದಿಯನ್ನೆಲ್ಲ ಸೇರಿಸಿದ್ದಳು. ಗಂಡಸರು ಗುದ್ದಲಿ ಹಿಡಿದು ಬಂದು ಅಗೆದರೆ ಒಂದು ಹೆಗ್ಗಣ ಹಾರಿ ಓಡಿತು. ಅವತ್ತಿನಿಂದ ರಂಜು ಏನು ಹೇಳಿದರೂ ಊರವರು ನಗುವುದನ್ನು ಅಭ್ಯಾಸ ಮಾಡಿಕೊಂಡಿದ್ದರು.

ಈ ವರ್ಷ ಆಟ ಬದಲಾಗಿತ್ತು. ಕಾರಣ ಒಂದು ಚೊಂಬು. ಪಕ್ಕದ ಹೊಲದ ಶಿವರಾಜು ಜಮೀನು ಸಮ ಮಾಡಿಸುವಾಗ ಜೆಸಿಬಿಯ ಹಲ್ಲಿಗೆ ಹಳೇ ತಾಮ್ರದ ಚೊಂಬೊಂದು ಸಿಕ್ಕಿತ್ತು. ಒಳಗೆ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಊರು ಸಂಜೆಯೊಳಗೆ ಅದನ್ನು ಮರೆಯಿತು, ನಂಜೇಶ ಮರೆಯಲಿಲ್ಲ. ತನ್ನ ಹೊಲದ ತುದಿಯಲ್ಲಿ, ಹೊಳೆಯ ಪಕ್ಕ, ಪಾಳುಬಿದ್ದ ಕಲ್ಲುಮಂಟಪವಿದೆಯಲ್ಲ, ಅದರ ಕೆಳಗೆ ಕೊಪ್ಪರಿಗೆಗಟ್ಟಲೆ ಹೊನ್ನು ಇದೆ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತು. ಊಟದ ತಟ್ಟೆಯ ಮುಂದೆ ಕೂತರೂ ಅದೇ ಯೋಚನೆ. ಕೊನೆಗೆ ಎಲ್ಲಿಂದಲೋ ಒಬ್ಬ ಅಂಜನ ಹಾಕುವವನನ್ನು ಹಿಡಿದು ತಂದ. ವೀಳ್ಯದೆಲೆಗೆ ಕಪ್ಪು ಮಸಿ ಬಳಿದು ಅದರಲ್ಲಿ ಭೂಮಿಯೊಳಗಿನದನ್ನು ಕಾಣಿಸುತ್ತೇನೆ ಎನ್ನುವ ಜನ ಇನ್ನೂ ಇದ್ದಾರೆ, ನಂಬುವ ಪೆದ್ದರೂ ಇದ್ದಾರೆ. ಇವನು ಬಿಳೀ ಕಾರಿನಲ್ಲಿ ಬರುತ್ತಿದ್ದ, ಹೆಸರು ಹೇಳುತ್ತಿರಲಿಲ್ಲ, ಅಜ್ಜಿ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ಜಗಲಿಗೆ ಬಂದು ಕೂರುತ್ತಿದ್ದ.

ಒಂದು ದಿನ ಅವನು ಹೊಗೆಸೊಪ್ಪು ಉಜ್ಜುತ್ತಾ, ಕಾಲು ಮುಂದಾಗಿ ಹುಟ್ಟಿದ ಮಕ್ಕಳು ಈ ಊರಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದ. ತಲೆ ಮುಂದಾಗಿ ಬರದೆ ಕಾಲು ಮುಂದಾಗಿ ಬಂದ ಮಗುವಿನ ಕಣ್ಣಿಗೆ ನಿಧಿ ಕಾಣುತ್ತದಂತೆ. ನಂಜೇಶ ತಲೆ ಕೆರೆದುಕೊಂಡ. ರಂಜು ಮಾತ್ರ ಸುಮ್ಮನಿರಲಿಲ್ಲ. ನಿಧಿಯ ಮಾತು ಬಂದರೆ ಅವಳ ಕಿವಿ ನೆಟ್ಟಗಾಗುತ್ತದೆ, ಬಾಯಿಗೆ ಬೀಗ ಇರುವುದಿಲ್ಲ. ನಮ್ಮ ಶ್ವೇತ ಹಾಗೇ ಹುಟ್ಟಿದ್ದು, ಅಮ್ಮ ಸಾಯುವ ಹಾಗಾಗಿತ್ತಂತೆ ಎಂದು ದೊಡ್ಡ ಸಂಪತ್ತನ್ನು ತೋರಿಸುವವಳಂತೆ ಕೊಚ್ಚಿಕೊಂಡಳು. ಅಂಜನದವನು ಹೊಗೆಸೊಪ್ಪು ಉಜ್ಜುವುದನ್ನು ನಿಲ್ಲಿಸಿದ. ಅಂಗಳದಲ್ಲಿ ಒಂಟಿಕಾಲಲ್ಲಿ ಕುಂಟಾಟ ಆಡುತ್ತಿದ್ದ ಶ್ವೇತಳನ್ನು ಬಹಳ ಹೊತ್ತು ನೋಡಿದ. ಮಾವನೂ ನೋಡಿದ. ದಾರ ಹಿಡಿದು ಪಾದ ಅಳೆದದ್ದು ಅದಾದ ಮೂರನೇ ದಿನ.

ಆಮೇಲೆ ಚೀಟಿಗಳು ಶುರುವಾದವು. ಮೊದಲನೆಯದು ಎಂದಿನಂತೆ ಒರಳುಕಲ್ಲಿನ ಕೆಳಗೆ: ಈ ಸಲದ ನಿಧಿ ನಿಜವಾದದ್ದು, ಅಜ್ಜಿಗೆ ಹೇಳಬಾರದು. ಎರಡನೆಯದು ಪಂಪ್‌ಹೌಸಿನ ಮೀಟರ್ ಪೆಟ್ಟಿಗೆಯಲ್ಲಿ: ಜಾಗ ಹೊಳೆಯ ಪಕ್ಕದ ಮಂಟಪ, ಅಮಾವಾಸ್ಯೆಗೆ ಮುಂಚೆ ಅಲ್ಲಿಗೆ ಯಾರೂ ಹೋಗಬಾರದು. ಮೂರನೆಯದು ದಿಂಬಿನ ಕೆಳಗೇ ಬಂದಿತ್ತು. ಅದರ ಜೊತೆ ಒಂದು ಹೊಸ ಹಸಿರು ಫ್ರಾಕು. ಅಮಾವಾಸ್ಯೆಯ ಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡು, ಈ ಬಟ್ಟೆ ಹಾಕಿಕೊಂಡು, ಶ್ವೇತ ಒಬ್ಬಳೇ ಬರಬೇಕು.

ಒಬ್ಬಳೇ ಎನ್ನುವುದನ್ನು ಓದಿ ರಂಜುವಿಗೆ ಹೊಟ್ಟೆ ಉರಿದುಹೋಯಿತು. ಐದು ವರ್ಷದಿಂದ ಚೀಟಿ ಬಿಡಿಸುತ್ತಿರುವವಳು ಅವಳು, ಅಂಗಾಲ ತುಂಬ ನೆಗ್ಗಿಲಮುಳ್ಳು ಚುಚ್ಚಿಸಿಕೊಂಡವಳು ಅವಳು. ಈಗ ನಿಜವಾದ ನಿಧಿ ಬಂದರೆ ಚಿಕ್ಕವಳಿಗಂತೆ. ಅಮಾವಾಸ್ಯೆಗೆ ಇನ್ನೂ ಒಂದು ದಿನವಿತ್ತು. ಯಾರಿಗೂ ಹೇಳದೆ ಕಬ್ಬಿನ ಸಾಲುಗಳ ನಡುವೆ ನುಸುಳಿಕೊಂಡು ಮಂಟಪಕ್ಕೆ ಹೋದಳು. ಅವಳ ಆ ಹೊಟ್ಟೆಕಿಚ್ಚಿಗೆ ಕೈ ಮುಗಿಯಬೇಕು.

ಮಂಟಪದ ಹಿಂದೆ, ಎಕ್ಕದ ಗಿಡಗಳ ಮರೆಯಲ್ಲಿ, ತೆಂಗಿನ ಗರಿ ಮುಚ್ಚಿದ ಗುಂಡಿಯೊಂದಿತ್ತು. ಗರಿ ಸರಿಸಿದಳು. ಅಂಚು ನೇರವಾಗಿ, ಗೋಡೆಗಳು ನುಣ್ಣಗೆ, ಇಳಿಯಲು ಮೂರು ಮೆಟ್ಟಿಲು. ರಂಜುವಿನ ಮೈ ಜುಮ್ಮೆಂದಿತು. ಪುಸ್ತಕಗಳಲ್ಲಿ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು ಹೀಗೇ ಇರುತ್ತದೆ. ಒಂದು, ಎರಡು, ಮೂರು ಎಂದು ಇಳಿದಳು. ತಳದಲ್ಲಿ ಹಳದಿ ಮಣ್ಣು ತಣ್ಣಗಿತ್ತು. ಎದುರು ಗೋಡೆಯಲ್ಲಿ ಒಂದು ಗೂಡು ಕೊರೆದಿದ್ದರು. ನಿಧಿಯ ಪೆಟ್ಟಿಗೆ ಇದರಲ್ಲೇ ಇತ್ತೇನೋ ಎಂದು ಅವಳು ಅದರೊಳಗೆ ತೂರಿ ಕೂತು ನೋಡಿದಳು. ತಲೆ ಮೇಲಕ್ಕೆ ತಗುಲಿತು. ಮಂಡಿ ಮಡಿಸಿದರೂ ಹೊರಗೆ ಉಳಿಯಿತು. ಕೂರುವುದಕ್ಕೆಂದೇ ಮಾಡಿದ ಗೂಡು ಅದು, ಆದರೆ ಅವಳಿಗೆ ಸ್ವಲ್ಪ ಚಿಕ್ಕದು.

ಹಾಗೆ ಕೂತಾಗಲೇ ಅವಳಿಗೆ ತನ್ನ ಅಜ್ಜ ನೆನಪಾದದ್ದು.

ಅಜ್ಜ ದೊಡ್ಡಸಿದ್ದಯ್ಯ ಲಿಂಗೈಕ್ಯನಾಗಿ ಎರಡು ವರ್ಷವಾಗಿತ್ತು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಅಂಗೈಯಲ್ಲಿ ಲಿಂಗ ಇಟ್ಟು, ಕೂರಿಸಿ, ವಿಭೂತಿ, ಬಿಲ್ವಪತ್ರೆ ತುಂಬಿ ಮಣ್ಣು ಮಾಡುತ್ತಾರೆ. ಬದುಕಿರುವಾಗ ಊರಿನ ತಮ್ಮ ಜನದಲ್ಲಿ ಯಾರು ಹೋದರೂ ಗುಣಿಯ ಅಳತೆ ಕೊಡುತ್ತಿದ್ದವನು ಆ ಅಜ್ಜನೇ. ಹೋದವರ ಪಾದದಿಂದಲೇ ಅಳತೆ: ಒಂಬತ್ತು ಪಾದ ಉದ್ದ, ಐದು ಪಾದ ಅಗಲ, ಮೂರು ಮೆಟ್ಟಿಲು, ಕೂರಿಸಲು ಗೋಡೆಯಲ್ಲಿ ಗೂಡು. ದಾರಕ್ಕೆ ಪಾದಕ್ಕೊಂದು ಗಂಟಿನಂತೆ ಒಂಬತ್ತು ಗಂಟು ಹಾಕಿ, ಐದನೆಯದಕ್ಕೆ ವಿಭೂತಿ ಬಳಿಯುತ್ತಿದ್ದ. ಆ ದಾರ ಸತ್ತವರ ಜೊತೆಗೇ ಗುಣಿಗೆ ಇಳಿಯಬೇಕು, ಮರಳಿ ಯಾವ ಮನೆಯ ಹೊಸ್ತಿಲನ್ನೂ ದಾಟಬಾರದು. ಅದು ಅಜ್ಜನ ಕಟ್ಟಳೆ. ಅಜ್ಜ ಹೋದ ದಿನ ಅವನ ಪಾದಕ್ಕೆ ದಾರ ಹಿಡಿದವನು ನಂಜೇಶ. ರಂಜು ಜನರ ಕಾಲುಗಳ ನಡುವೆ ನಿಂತು ಅದನ್ನು ನೋಡಿದ್ದಳು. ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ.

ಗುಂಡಿಯಿಂದ ಹೇಗೆ ಮೇಲೆ ಬಂದಳೋ ಅವಳಿಗೇ ತಿಳಿಯಲಿಲ್ಲ. ಎಕ್ಕದ ಬುಡದಲ್ಲಿ ಒಂದು ಚೀಲ ಕಂಡಿತು. ಬಾಯಿ ಬಿಚ್ಚಿದರೆ ವಿಭೂತಿ ಗಟ್ಟಿಗಳು. ಗರಿಗಳನ್ನು ಇದ್ದಂತೆಯೇ ಮುಚ್ಚಿ ಓಡಿದಳು.

ಮನೆಯಲ್ಲಿ ಮಾವ ಬಚ್ಚಲಿನಲ್ಲಿದ್ದ. ಅಂಗಿ ಮೊಳೆಗೆ ನೇತಾಡುತ್ತಿತ್ತು. ರಂಜು ಜೇಬಿಗೆ ಕೈ ಹಾಕಿದಳು. ದಾರ ಸಿಕ್ಕಿತು. ಅವತ್ತು ಒಂದು ಗಂಟಿದ್ದ ದಾರದಲ್ಲಿ ಈಗ ಒಂಬತ್ತು ಗಂಟಿದ್ದವು, ಐದನೆಯದು ಬೆಳ್ಳಗೆ. ಒಳಕೋಣೆಯಲ್ಲಿ ಶ್ವೇತ ಮಧ್ಯಾಹ್ನದ ನಿದ್ದೆಯಲ್ಲಿದ್ದಳು, ಕೊರಳ ಲಿಂಗದ ಕರಡಿಗೆ ಪಕ್ಕಕ್ಕೆ ಜಾರಿ, ಬಾಯಿ ಅರೆ ತೆರೆದು. ರಂಜು ಅವಳ ಪಾದಕ್ಕೆ ದಾರ ಹಿಡಿದಳು. ಮೊದಲ ಗಂಟು ಸರಿಯಾಗಿ ಹೆಬ್ಬೆರಳ ತುದಿಗೆ ಕೂತಿತು. ಅವಳಿಗೆ ಅಳು ಬರಲಿಲ್ಲ. ಹಾಳು ಬಾಯಿ, ಹಾಳು ಬಾಯಿ ಎಂದು ತನ್ನ ಕೆನ್ನೆಗೆ ತಾನೇ ಬಡಿದುಕೊಂಡಳು. ದಾರವನ್ನು ಲಂಗದ ನೆರಿಗೆಯಲ್ಲಿ ಬಚ್ಚಿಟ್ಟಳು.

ಅಜ್ಜಿಯ ಪುಟ್ಟ ಫೋನಿನಿಂದ ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ಇಂದ್ರಾಣಿ ಎಲ್ಲವನ್ನೂ ಕೇಳಿಸಿಕೊಂಡಳು. ಕೇಳಿಸಿಕೊಂಡು ನಕ್ಕಳು. ಹೋದ ವರ್ಷ ಸುರಂಗ, ಈ ವರ್ಷ ಗುಣಿ, ನಿನ್ನ ಪುಸ್ತಕಗಳನ್ನೆಲ್ಲ ಒಲೆಗೆ ಹಾಕುತ್ತೇನೆ ಎಂದಳು. ಬಂದು ಕರೆದುಕೊಂಡು ಹೋಗು ಎಂದು ರಂಜು ಗೋಗರೆದಾಗ ಅವಳಿಗೆ ಸಿಟ್ಟೇ ಬಂತು. ನನ್ನ ತಮ್ಮನ ಬಗ್ಗೆ ಇಂಥ ಮಾತು ಅದು ಹೇಗೆ ಬಾಯಿಗೆ ಬರುತ್ತದೆ, ಫೋನು ಅವನ ಕೈಗೆ ಕೊಡು ಎಂದಳು. ಅಷ್ಟರಲ್ಲಿ ಹಿಂದಿನಿಂದ ಒದ್ದೆ ಕೈಯೊಂದು ಬಂದು ಫೋನನ್ನು ತೆಗೆದುಕೊಂಡಿತು.

ಮಾವ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡ. ಹೂಂ ಅಂದ, ಹೂಂ ಅಂದ, ಒಂದು ಸಲ ನಕ್ಕ. ಫೋನಿನ ಆ ಬದಿಯಲ್ಲಿ ಅಮ್ಮನೂ ನಗುತ್ತಿದ್ದದ್ದು ಕೇಳಿಸುತ್ತಿತ್ತು. ಅವನ ಕಣ್ಣು ಮಾತ್ರ ರಂಜುವಿನ ಪಾದಗಳ ಮೇಲಿತ್ತು. ಅಲ್ಲಿ ಹಳದಿ ಮಣ್ಣು ಒಣಗಿ ಅಂಟಿಕೊಂಡಿತ್ತು. ಆ ಹೊಲದಲ್ಲಿ ಹಳದಿ ಮಣ್ಣು ಸಿಗಬೇಕಾದರೆ ಆಳಕ್ಕೆ ಅಗೆಯಬೇಕು.

"ಕಾಲ್ ತೊಳ್ಕೊ ಓಗವ್ವ," ಎಂದ ಮಾವ, ಮೆಲ್ಲಗೆ. ಫೋನನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ.

ಉಳಿದದ್ದು ಅಜ್ಜಿ ಒಬ್ಬಳು. ಅವಳು ದನ ಕಟ್ಟಿ ಬಂದು ಕೂತಾಗ ರಂಜು ಪಕ್ಕಕ್ಕೆ ಹೋಗಿ, ಮಾವ ಶ್ವೇತಳಿಗೆ ಗುಣಿ ತೋಡಿದ್ದಾನೆ ಎಂದಳು. ದಾರ ತೆಗೆಯುವಷ್ಟರಲ್ಲಿ ಕೆನ್ನೆಗೆ ಬಿತ್ತು. ಅಜ್ಜಿ ಮೊಮ್ಮಕ್ಕಳ ಮೇಲೆ ಕೈ ಮಾಡಿದ್ದು ಅದೇ ಮೊದಲು. "ಎತ್ತ ಮಗನ್ ಮೇಲೆ ಇಂಥ ಮಾತ ಕೇಳ್ಸ್ತೀಯೇನೆ?" ಎಂದು ಎದ್ದು ಹೋದಳು. ಬಾಗಿಲಲ್ಲಿ ಮಾವ ನಿಂತಿದ್ದ. ಆಮೇಲೆ ಅವನು ಅಜ್ಜಿಯನ್ನೂ ರಂಜುವನ್ನೂ ಒಂದು ಕ್ಷಣ ಒಟ್ಟಿಗೆ ಬಿಡಲಿಲ್ಲ. ರಾತ್ರಿ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡು ಮಲಗಿದ.

ಬೆಳಿಗ್ಗೆ ಅಂಗಿ ಹಾಕಿಕೊಂಡವನು ಜೇಬು ತಡಕಿದ. ಎರಡನೇ ಸಲವೂ ತಡಕಿದ. ಮೊಳೆಯ ಕೆಳಗಿನ ನೆಲವನ್ನೂ ನೋಡಿದ. ಅಮಾವಾಸ್ಯೆಗೊಮ್ಮೆ ಅಜ್ಜಿ ಸುತ್ತೂರಿಗೆ ಮಠದ ದರ್ಶನಕ್ಕೆ ಹೋಗುತ್ತಿದ್ದಳು, ಹತ್ತರ ಬಸ್ಸಿಗೆ ಹೊರಟರೆ ಬರುವುದು ಸಂಜೆ. ಅದನ್ನು ಅವನೂ ಲೆಕ್ಕ ಹಾಕಿಯೇ ಇಟ್ಟಿದ್ದ. ಅಜ್ಜಿ ಸೀರೆ ಉಡುತ್ತಿದ್ದಾಗ ಅವಳ ಎಲೆಅಡಿಕೆ ಚೀಲ ಗೂಟದಲ್ಲಿತ್ತು. ಮಾವ ಬೈಕಿನ ಧೂಳು ಒರೆಸಲು ಆಚೆ ತಿರುಗಿದ. ರಂಜು ಚೀಲದ ದಾರ ಸಡಿಲಿಸಿ, ಅಡಿಕೆ ಹೋಳುಗಳ ಮೇಲೆ ಆ ಒಂಬತ್ತು ಗಂಟನ್ನು ಇಟ್ಟು ಮತ್ತೆ ಬಿಗಿದಳು. ಬಸ್ಸಿನಲ್ಲಿ ಕೂತ ಮೇಲೆ ಅಜ್ಜಿ ಎಲೆ ಹಾಕಿಕೊಳ್ಳದೆ ಇರುವವಳಲ್ಲ. ಅದೊಂದೇ ಆಸೆ. ಅಜ್ಜಿ ರಂಜುವಿನ ಮುಖ ನೋಡದೆಯೇ ಹೊರಟುಹೋದಳು.

ಆಸೆಯನ್ನು ನಂಬಿ ಕೂರುವ ಹುಡುಗಿಯಲ್ಲ ಅವಳು. ಮಾವ ದನಕ್ಕೆ ನೀರು ಕುಡಿಸಲು ಹೋದದ್ದೇ ತಡ, ಶ್ವೇತಳ ಕೈ ಹಿಡಿದು ಹಿತ್ತಲ ಬೇಲಿ ದಾಟಿದಳು. ನಿಧಿ ಬೇಡ್ವಾ ಅಕ್ಕ ಎಂದು ಶ್ವೇತ ಅಳತೊಡಗಿದಳು. ರಸ್ತೆಗೆ ಇನ್ನು ನೂರು ಮಾರು ಇದೆ ಎನ್ನುವಾಗ ಬೈಕು ಬಂದು ಮುಂದೆ ನಿಂತಿತು. ಮಾವ ಬೈಯಲಿಲ್ಲ. ಶ್ವೇತಳನ್ನು ಎತ್ತಿ ಮುಂದೆ ಕೂರಿಸಿಕೊಂಡ. ಅವಳು ಹಾರನ್ ಒತ್ತಿ ನಕ್ಕಳು. ನೀನೂ ಬರ್ತೀಯೇನವ್ವ ಎಂದು ರಂಜುವನ್ನು ಕೇಳಿದ, ಸಂತೆಗೆ ಕರೆಯುವವನ ಹಾಗೆ. ತಂಗಿಯನ್ನು ಅವನೊಬ್ಬನ ಜೊತೆ ಬಿಡುವುದುಂಟೇ? ರಂಜು ಹಿಂದೆ ಹತ್ತಿದಳು.

ಮನೆಯಲ್ಲಿ ಅವನೇ ಶ್ವೇತಳ ತಲೆಗೆ ನೀರು ಹುಯ್ದ, ಹಸಿರು ಫ್ರಾಕು ತೊಡಿಸಿದ, ಹಣೆಗೆ ವಿಭೂತಿ ಇಟ್ಟ. ಒಮ್ಮೆ ಒರೆಸಿ ಮತ್ತೆ ಇಟ್ಟ. ರಂಜು ಅದನ್ನು ಕಂಡಳು. ಮಾವ ಬೇಡ ಮಾವ ಎಂದಳು. ಅವನು ಕೇಳಿಸಿಕೊಂಡೂ ಕೇಳಿಸದವನಂತೆ ಬಾಚಣಿಗೆ ಹುಡುಕಿದ.

ಮಟಮಟ ಮಧ್ಯಾಹ್ನ. ಮಂಟಪದ ಸುತ್ತ ಒಂದು ಹಕ್ಕಿಯ ದನಿಯಿಲ್ಲ, ಕಬ್ಬಿನ ಗರಿ ಅಲುಗುತ್ತಿಲ್ಲ. ಕಾರು ಎಕ್ಕದ ಗಿಡಗಳ ಪಕ್ಕ ನಿಂತಿತ್ತು. ಅಂಜನದವನು ಚಾಪೆ ಹಾಸಿ, ಅರಿಶಿನ ಕುಂಕುಮ, ನಿಂಬೆಹಣ್ಣು ಇಟ್ಟುಕೊಂಡು ಕೂತಿದ್ದ. ಒಂದು ಕೆಂಪು ಬಟ್ಟೆಯ ಅಡಿಯಲ್ಲಿ ಉದ್ದನೆಯದೇನೋ ಇತ್ತು. ಅದು ಏನೆಂದು ರಂಜುವಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಶ್ವೇತಳನ್ನು ಎದುರಿಗೆ ಕೂರಿಸಿ ಮಸಿ ಬಳಿದ ಎಲೆ ತೋರಿಸಿದ. ಏನು ಕಾಣಿಸ್ತದೆ ಪುಟ್ಟಿ ಎಂದ. ಶ್ವೇತ ಬಗ್ಗಿ ನೋಡಿ, ನನ್ನ ಮೂಗು ಎಂದಳು. ಆಮೇಲೆ ಅವನು ಮಾವನ ಕಡೆ ತಲೆಯಾಡಿಸಿದ. ಮಾವ ಹೋಗಿ ಗುಂಡಿಯ ಮೇಲಿನ ಗರಿಗಳನ್ನು ಎಳೆದುಹಾಕಿದ.  

ರಂಜುವಿನ ಬಳಿ ಉಳಿದಿದ್ದದ್ದು ಒಂದೇ: ಅವಳು ಸುಳ್ಳು ಹೇಳುತ್ತಾಳೆ ಎಂದು ಊರಿಗೆಲ್ಲ ಗೊತ್ತಿತ್ತು.

"ಕಾಲು ಮುಂದಾಗಿ ಹುಟ್ಟಿದ್ದು ಇವಳಲ್ಲ ಮಾವ," ಎಂದಳು. "ನಾನು. ಅವತ್ತು ಸುಳ್ಳು ಹೇಳ್ದೆ."

ಇಬ್ಬರೂ ತಿರುಗಿ ನೋಡಿದರು. ಇಂದ್ರಾಣಿಯ ಎರಡು ಹೆರಿಗೆಯೂ ನಂಜನಗೂಡಿನಲ್ಲೇ ಆದದ್ದು, ನಂಜೇಶ ಹತ್ತಿರವಿದ್ದವನಲ್ಲ. ಅವನಿಗೆ ಗೊತ್ತಿದ್ದದ್ದು ರಂಜು ಜಗಲಿಯಲ್ಲಿ ಹೇಳಿದ್ದಷ್ಟೇ. ತಪ್ಪು ಮಗುವನ್ನು ಕೊಟ್ಟರೆ ನಿಧಿ ಏಳದು, ಕೊಟ್ಟವನ ವಂಶ ಉಳಿಯದು ಎಂದು ಈ ಅಂಜನದವನೇ ಅವನ ತಲೆಗೆ ತುಂಬಿದ್ದ. ನಂಜೇಶನ ಮುಖ ಬಿಳುಚಿಕೊಂಡಿತು. ಅಂಜನದವನು ಮಾತ್ರ ಒಂದು ಗಳಿಗೆ ಯೋಚಿಸಿ, ಹಾಗಾದರೆ ದೊಡ್ಡವಳೇ ಆಗಲಿ ಎಂದ. ಅಷ್ಟು ಸಲೀಸು ಅವನಿಗೆ.

"ಇವ್ಳಿಗೆ ಗುಣಿ ಸಾಲ್ದು," ಎಂದ ನಂಜೇಶ. "ಅಳ್ತೆ ಚಿಕ್ಕೋಳ್ದು."

"ನಾನು ಕೇಳಿದ್ದು ಒಂದು ಗುಂಡಿ. ನೀನು ಮೆಟ್ಲು, ಗೂಡು ಅಂತ ನಾಲ್ಕು ದಿನ ಕೂತೆ. ಮುಚ್ಚಾಕೋದಿಕ್ಕೆ ಅಳತೆ ಯಾಕಯ್ಯಾ?"

"ನಮ್ಮನೆ ಮಗು ಕಣ್ರೀ. ಲಿಂಗ ಕಟ್ಟಿರೋ ಮಗು. ಅಂಗೇ ಎಸೆದ್ಬುಡಕ್ಕಾಯ್ತದಾ? ನಾಳೆ ನಮ್ಮಪ್ಪನ್ ಎದ್ರಿಗೆ ಯಾವ್ ಮೊಕ ಇಟ್ಕಂಡ್ ನಿಂತ್ಕಳ್ಳಿ?"

ಕೇಳಿದಿರಲ್ಲ. ಕೊಲ್ಲಲು ಅಂಜದವನು ಅಳತೆ ತಪ್ಪಲು ಅಂಜಿದ. ಅವನನ್ನು ಹಿಡಿದುಕೊಟ್ಟದ್ದೂ ಆ ಅಂಜಿಕೆಯೇ, ಬರೀ ಗುಂಡಿ ತೋಡಿದ್ದರೆ ರಂಜುವಿಗೆ ಅದು ನಿಧಿಯ ಗುಂಡಿಯಾಗಿಯೇ ಕಾಣುತ್ತಿತ್ತು. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಹೊತ್ತು ಮೀರುತ್ತದೆ ಎಂದು ಅಂಜನದವನು ಗದರಿದ, ಗುದ್ದಲಿ ಇದೆ, ಅರ್ಧ ಗಂಟೆಯಲ್ಲಿ ಅಗಲಿಸುತ್ತೇನೆ ಎಂದು ನಂಜೇಶ ಹಟ ಹಿಡಿದ. ವಿಭೂತಿ ಚೀಲದ ಬಾಯಿ ಕಟ್ಟಿದ್ದ ಹುರಿ ಬಿಚ್ಚಿಕೊಂಡು ರಂಜುವಿನ ಮುಂದೆ ಮಂಡಿಯೂರಿದ.

"ಕಾಲ್ ಮುಂದಕ್ಕಿಡವ್ವ," ಎಂದ.

ಐದು ವರ್ಷ ಚೀಟಿ ಬರೆದು ಆಡಿಸಿದ ಮಾವ. ಅವನ ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದ್ದದ್ದು ರಂಜುವಿಗೆ ಮೊದಲ ಸಲ ಕಂಡಿತು. ಅವಳು ಕಾಲು ಮುಂದಿಟ್ಟಳು. ಬೆರಳು ಮಡಿಸಿದಳು, ನೆಟ್ಟಗಿಡು ಎಂದ. ಎಡಗಾಲು ಕೊಟ್ಟಳು, ಬಲಗಾಲು ಎಂದ. ಎಷ್ಟು ಹೊತ್ತು ತಳ್ಳಬಹುದೋ ಅಷ್ಟು ತಳ್ಳಿದಳು. ಹುರಿ ಹಿಮ್ಮಡಿಗೆ ತಗುಲಿದಾಗ ತಣ್ಣಗಿತ್ತು. ಅವಳು ಶ್ವೇತಳ ಕಡೆ ನೋಡಿ, ಕಣ್ಣಲ್ಲೇ ರಸ್ತೆಯ ದಿಕ್ಕು ತೋರಿಸಿದಳು. ಶ್ವೇತಳಿಗೆ ಅರ್ಥವಾಗಲಿಲ್ಲ. ಇದೂ ಆಟವೇ ಎಂದುಕೊಂಡು ಅವಳೂ ಕಣ್ಣು ಮಿಟುಕಿಸಿದಳು.

"ನಂಜೇಶ."

ಕಬ್ಬಿನ ಸಾಲಿನಿಂದ ಅಜ್ಜಿ ಹೊರಗೆ ಬಂದಿದ್ದಳು. ತಲೆಯ ಸೆರಗು ಜಾರಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವಳ ಹಿಂದೆ ಮಾದಮ್ಮ. ಪಕ್ಕದ ಗದ್ದೆಯಲ್ಲಿ ಕಬ್ಬಿನ ಸೋಗೆ ಬಿಡಿಸುತ್ತಿದ್ದ ಕೂಲಿಯ ಹೆಂಗಸು, ಮಾತಿಗೆ ಮುಂಚೆ ಕೈ ಎತ್ತುವವಳು. ಮಾದಮ್ಮನ ಹಿಂದೆ ಇನ್ನೂ ಆರು ಜನ. ಎಲ್ಲರ ಕೈಯಲ್ಲೂ ಕುಡುಗೋಲು. ಅಂಜನದವನು ಎದ್ದು ಕಾರಿನ ಕಡೆ ಓಡಿದ. ಮಾದಮ್ಮ ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವನು ಹೊಳೆಯ ಕಡೆಗೆ ತಿರುಗಿ ಬಿದ್ದಂಬೀಳ ಓಡಿದ, ಸಂಜೆ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದ.

ಅಜ್ಜಿ ಅವನ ಕಡೆ ನೋಡಲೇ ಇಲ್ಲ. ಸುತ್ತೂರು ಇನ್ನೂ ಎರಡು ಸ್ಟಾಪು ಇರುವಾಗ ಅವಳು ಎಲೆಗೆ ಸುಣ್ಣ ಹಚ್ಚಿ ಅಡಿಕೆಗೆ ಕೈ ಹಾಕಿದ್ದಳು. ನಲವತ್ತು ವರ್ಷ ಗಂಡ ಕಟ್ಟುವುದನ್ನು ನೋಡಿದ ಗಂಟುಗಳು ಅವಳ ಬೆರಳಿಗೇ ಗೊತ್ತಾಗಿದ್ದವು, ಕಣ್ಣು ಬೇಕಾಗಿರಲಿಲ್ಲ. ಅಲ್ಲೇ ಇಳಿದು, ಎದುರು ಬಂದ ಬಸ್ಸು ಹತ್ತಿ ಬಂದರೆ ಮನೆ ಖಾಲಿ; ಮಂಟಪದ ಹತ್ತಿರ ಬಿಳೀ ಕಾರು ನಿಂತಿದೆ ಎಂದದ್ದು ಮಾದಮ್ಮ. ಈಗ ಆ ದಾರ ಅವಳ ಮುಷ್ಟಿಯಲ್ಲಿತ್ತು. ಗುಣಿಯ ಅಂಚಿಗೆ ಹೋಗಿ ಬಗ್ಗಿ ನೋಡಿದಳು. ಮೆಟ್ಟಿಲು ನೋಡಿದಳು, ಗೂಡು ನೋಡಿದಳು. ಶ್ವೇತಳನ್ನು ಹತ್ತಿರ ಕರೆದು, ಮಣ್ಣಿನ ಗುಡ್ಡೆಯ ಮೇಲೆ ಕೂತು, ಅವಳ ಬಲಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ದಾರ ಹಿಡಿಯಲು ಅವಳಿಗೆ ಮನಸ್ಸು ಬರಲಿಲ್ಲ, ಸ್ವಲ್ಪ ಹೊತ್ತು ಆ ಪಾದವನ್ನು ಸುಮ್ಮನೆ ಸವರಿದಳು. ಆಮೇಲೆ ಹಿಡಿದಳು. ಗಂಟು ಹೆಬ್ಬೆರಳ ತುದಿಗೆ ಕೂತಿತು.

ನಂಜೇಶ ಇನ್ನೂ ಮಂಡಿಯೂರಿಯೇ ಇದ್ದ. ಅವ್ವ, ನಿಧಿ ಸಿಕ್ಕಿದ್ರೆ ಎಲ್ಲಾರ್ಗೂ ಅಂತ, ಎಂದು ಏನೋ ಶುರುಮಾಡಿದ.

"ನಿಮ್ಮಪ್ಪ ಸತ್ತೋರ್ ಕಾಲ ಅಳೀತಿದ್ರು ಕಣೋ," ಎಂದಳು ಅಜ್ಜಿ. "ನೀನು ಉಸ್ರಾಡೋ ಮಗಿನ ಕಾಲ ಅಳ್ದಿದ್ದೀಯೆ."

ಅವನ ಕೈಯಿಂದ ಹುರಿ ಬಿತ್ತು. ಮಾದಮ್ಮ ಕುಡುಗೋಲು ಹಿಡಿದುಕೊಂಡು ಅವನ ಪಕ್ಕ ನಿಂತಳು, ಪೊಲೀಸರು ಬರುವವರೆಗೂ ಹಾಗೇ ನಿಂತಿದ್ದಳು. ಅವನು ಓಡುವ ಯೋಚನೆಯನ್ನೂ ಮಾಡಲಿಲ್ಲ. ಅಜ್ಜಿ ರಂಜುವನ್ನು ಎಳೆದು ಅಪ್ಪಿಕೊಂಡು, ನಿನ್ನೆ ತಾನು ಹೊಡೆದ ಕೆನ್ನೆಯನ್ನು ಒರಟು ಅಂಗೈಯಿಂದ ಮತ್ತೆ ಮತ್ತೆ ಸವರಿದಳು. ರಂಜುವಿಗೆ ಆಗ ಅಳು ಬಂತು.

ಮಾರನೇ ಬೆಳಿಗ್ಗೆ ಇಂದ್ರಾಣಿ ಬಂದಿದ್ದಳು. ಎರಡೂ ಮಕ್ಕಳನ್ನು ಅವಚಿಕೊಂಡು ಕೂತಿದ್ದಳು. ಪೊಲೀಸರು ಗುಂಡಿಯ ಫೋಟೋ ತೆಗೆದುಕೊಂಡು, ದಾರವನ್ನು ಕವರಿಗೆ ಹಾಕಿಕೊಂಡು, ಇನ್ನು ಇದನ್ನು ಮುಚ್ಚಿಸಿಬಿಡಿ ಎಂದರು. ಆಗ ಅಜ್ಜಿ ಮನೆಗೆ ಹೋಗಿ, ಮೊಳೆಗೆ ನೇತಾಡುತ್ತಿದ್ದ ನಂಜೇಶನ ಇನ್ನೊಂದು ಅಂಗಿಯನ್ನು ತಂದಳು. ತೋಡಿದ ಗುಣಿಯನ್ನು ಬರಿದಾಗಿ ಮುಚ್ಚಬಾರದು ಎಂದಷ್ಟೇ ಹೇಳಿದಳು. ಅರವತ್ತೆಂಟರ ಹೆಂಗಸು, ಯಾರ ಕೈಯನ್ನೂ ಹಿಡಿಯದೆ ಮೂರು ಮೆಟ್ಟಿಲು ಇಳಿದಳು. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿ, ತೋಳುಗಳನ್ನು ಮುಂದಕ್ಕೆ ಮಡಿಸಿ, ಗೂಡಿನೊಳಗೆ ಕೂತ ಹಾಗೆ ಇಟ್ಟಳು. ಅವನೇ ತಂದಿಟ್ಟಿದ್ದ ವಿಭೂತಿಯನ್ನು ಒಡೆದು ಅದರ ಮೇಲೆ ಉದುರಿಸಿದಳು. ಮೇಲೆ ಬಂದು ಮೊದಲ ಹಿಡಿ ಮಣ್ಣು ತಾನೇ ಹಾಕಿ, ಉಳಿದದ್ದನ್ನು ಎಳೆಯಲು ಮಾದಮ್ಮನಿಗೆ ಹೇಳಿದಳು.

ಮಾವನ ಅಂಗಿ ಯಾಕೆ ಎಂದು ಶ್ವೇತ ಅಕ್ಕನ ಕಿವಿಯಲ್ಲಿ ಕೇಳಿದಳು. ಎಲ್ಲ ಪ್ರಶ್ನೆಗೂ ಒಂದು ಕಥೆ ಹೊಂದಿಸುತ್ತಿದ್ದ ರಂಜು ಅವಳ ಕೈ ಹಿಡಿದುಕೊಂಡಳು, ಅಷ್ಟೇ.

ಜಗಲಿಯ ಮೇಲೆ ಪೇದೆ ಹೇಳಿಕೆ ಬರೆದುಕೊಳ್ಳುತ್ತಿದ್ದ. ಹೆಸರು ಕೇಳಿದ, ವಯಸ್ಸು ಕೇಳಿದ, ಗಂಡನ ಹೆಸರು ಕೇಳಿದ. ಅಜ್ಜಿ ಕಾಲಿನ ಹಳದಿ ಮಣ್ಣು ತೊಳೆಯುತ್ತಲೇ ಎಲ್ಲಕ್ಕೂ ಉತ್ತರ ಕೊಟ್ಟಳು. ಮಕ್ಕಳು ಎಷ್ಟು ಜನ ಅವ್ವ ಎಂದು ಕೇಳಿದ.

"ಒಬ್ಳೇ ಸಾ, ಮಗ್ಳು," ಎಂದಳು ಚನ್ನಾಜಮ್ಮ. "ಮಗ ಒಬ್ನಿದ್ದ. ಈಗ್ತಾನೆ ಮಣ್ಮಾಡ್ಬುಟ್ ಬಂದೆ."